ಹಾಲಿಗೆ ಸರಪಳಿ, ಟೊಮೆಟೊಗೆ ಜೂಜು

ಕೋಲಾರ ಜಿಲ್ಲೆಯ ಅನೇಕ ರೈತ ಕುಟುಂಬಗಳು ಹಾಲು ಮತ್ತು ಟೊಮೆಟೊ ಎರಡನ್ನೂ ನೆಚ್ಚಿಕೊಂಡಿವೆ. ಎರಡೂ ಕೆಡುವ ಸರಕುಗಳೇ. ಹಾಲಂತೂ ತಂಪು ಮಾಡದಿದ್ದರೆ ಕೆಲವೇ ಗಂಟೆಗಳಲ್ಲಿ ಒಡೆದುಹೋಗುತ್ತದೆ. ಆದರೂ ಡೇರಿಗೆ ಹಾಲು ಹಾಕಲು ಹೊರಟವನಿಗೆ ಅಂದಿನ ದರ ಗೊತ್ತಿರುತ್ತದೆ. ಟೊಮೆಟೊ ಹೇರಿಕೊಂಡು ಮಂಡಿಗೆ ಹೊರಟವನಿಗೆ ಹರಾಜು ಮುಗಿಯುವವರೆಗೂ ತಿಳಿಯುವುದಿಲ್ಲ. ಈ ವೈಚಿತ್ರ್ಯಕ್ಕೆ ಕಾರಣ ಸರಕಿನ ಗುಣದಲ್ಲಿಲ್ಲ, ಅದು ಸಾಗುವ ದಾರಿಯಲ್ಲಿದೆ ಎಂಬುದು ನನ್ನ ವಾದ.

ವಾಣಿಜ್ಯಶಾಸ್ತ್ರ ಇದನ್ನು ಪೂರೈಕೆ ಸರಪಳಿ ನಿರ್ವಹಣೆ ಎನ್ನುತ್ತದೆ. ಹೆಸರು ಭಾರವಾದರೂ ಮೂಲತತ್ವಗಳು ಸರಳ. ಬೇಡಿಕೆಯ ಮಾಹಿತಿ ಉತ್ಪಾದಕನವರೆಗೂ ಹಿಂದಕ್ಕೆ ಹರಿಯಬೇಕು. ಏರುಪೇರನ್ನು ತಾಳಿಕೊಳ್ಳಲು ದಾಸ್ತಾನು ಅಥವಾ ಸಂಸ್ಕರಣೆಯ ವ್ಯವಸ್ಥೆ ಇರಬೇಕು. ನಷ್ಟದ ಹೊರೆ ಒಂದೇ ಕೊಂಡಿಯ ಮೇಲೆ ಬೀಳಬಾರದು.

ಗುಜರಾತಿನ ಆಣಂದ್‌ನಲ್ಲಿ 1946ರಲ್ಲಿ ಹುಟ್ಟಿ, 1970ರಲ್ಲಿ ಆರಂಭವಾದ ‘ಆಪರೇಷನ್ ಫ್ಲಡ್’ ಮೂಲಕ ದೇಶಕ್ಕೆ ಹಬ್ಬಿದ ಹಾಲಿನ ಸಹಕಾರ ಪದ್ಧತಿ ಈ ಮೂರನ್ನೂ ಪಾಲಿಸುತ್ತದೆ. ನಗರದ ಬೇಡಿಕೆ ಒಕ್ಕೂಟಕ್ಕೆ ದಿನದಿನವೂ ತಿಳಿಯುತ್ತದೆ. ಹಳ್ಳಿಯ ಸಂಘದಲ್ಲಿ ಕೊಬ್ಬಿನಂಶ ಅಳೆದು ಪಡೆದ ಹಾಲನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿ ಟ್ಯಾಂಕರಿಗೆ ತುಂಬುತ್ತಾರೆ. ಮಿಕ್ಕದ್ದು ಬೆಣ್ಣೆಯಾಗುತ್ತದೆ, ಪುಡಿಯಾಗುತ್ತದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆ ಆ ಪುಡಿಯನ್ನೇ ಶಾಲಾಮಕ್ಕಳ ಲೋಟಕ್ಕೆ ತಲುಪಿಸಿತು. ಮಾರಾಟ ಕುಸಿದ ದಿನದ ನಷ್ಟವನ್ನು ರೈತನೊಬ್ಬನೇ ಹೊರುವುದಿಲ್ಲ.

ಟೊಮೆಟೊ ವಿಷಯದಲ್ಲಿ ಈ ಮೂರರಲ್ಲಿ ಒಂದೂ ಗಟ್ಟಿಯಾಗಿಲ್ಲ. 2021ರ ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಕೊಳ್ಳುವವರಿಲ್ಲದೆ ಕೋಲಾರದ ರೈತರು ಹಣ್ಣನ್ನು ರಸ್ತೆಗೆ ಸುರಿದರು. 2023ರ ಜುಲೈನಲ್ಲಿ ಅಲ್ಲಿಯೇ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತು. ಬೆಲೆ ಏರಿದ ಸುದ್ದಿ ಕೇಳಿ ಎಲ್ಲರೂ ಒಮ್ಮೆಲೇ ನಾಟಿ ಮಾಡಿದರೆ ಎಲ್ಲರ ಫಸಲೂ ಒಮ್ಮೆಲೇ ಮಂಡಿಗೆ ಬರುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಸಾರಿನ ಅಳತೆ ಅಷ್ಟಾಗಿ ಬದಲಾಗಿರುವುದಿಲ್ಲ. ಹೊಲದಲ್ಲಿ ಮಾತ್ರ ಅಲ್ಲೋಲಕಲ್ಲೋಲ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ತನ್ನ ಡಯಾಪರ್ ವಹಿವಾಟಿನಲ್ಲಿ ಇಂಥದ್ದನ್ನೇ ಗುರುತಿಸಿತ್ತು. ಮಕ್ಕಳ ಬಳಕೆ ಹೆಚ್ಚುಕಡಿಮೆ ಸ್ಥಿರ. ಆದರೆ ಅಂಗಡಿಯಿಂದ ವಿತರಕನಿಗೆ, ಅಲ್ಲಿಂದ ಕಾರ್ಖಾನೆಗೆ ತಲುಪುವಷ್ಟರಲ್ಲಿ ಬೇಡಿಕೆಯ ಏರಿಳಿತ ಹಿಗ್ಗುತ್ತಿತ್ತು. ಚಾಟಿಯ ಹಿಡಿ ತುಸು ಅಲುಗಿದರೂ ತುದಿ ಬಲವಾಗಿ ಬೀಸುತ್ತದೆ. ನಮ್ಮಲ್ಲಿ ಆ ತುದಿಯ ಏಟು ತಿನ್ನುವವನು ರೈತ.

ಹಾಲಿನ ವ್ಯವಸ್ಥೆ ನಿರ್ದೋಷವೇನಲ್ಲ. ಮೇವಿನ ಖರ್ಚಿಗೆ ತಕ್ಕಂತೆ ದರ ಏರುವುದಿಲ್ಲವೆಂಬ ದೂರು ಇದ್ದೇ ಇದೆ. ಟೊಮೆಟೊಗೆ ಅದೇ ಮಾದರಿಯನ್ನು ಯಥಾವತ್ತಾಗಿ ಹೊಂದಿಸುವುದೂ ಸುಲಭವಲ್ಲ. ಅಡುಗೆಗೆ ಒಪ್ಪುವ ತಳಿಯೇ ಬೇರೆ, ಸಂಸ್ಕರಣೆಗೆ ಒಪ್ಪುವ ತಳಿಯೇ ಬೇರೆ. ಆದರೆ ತಾಲ್ಲೂಕುವಾರು ನಾಟಿಯ ವಿಸ್ತೀರ್ಣವನ್ನು ವಾರವಾರವೂ ಪ್ರಕಟಿಸಲು ಭಾರಿ ಬಂಡವಾಳ ಬೇಕಿಲ್ಲ. ಸಂಸ್ಕರಣಾ ಘಟಕಗಳು ರೈತರ ಗುಂಪುಗಳೊಡನೆ ಮುಂಗಡವಾಗಿ ದರ ಗೊತ್ತುಪಡಿಸಿಕೊಳ್ಳುವಂತೆ ಮಾಡುವುದೂ ಅಸಾಧ್ಯವಲ್ಲ. ನಗರವಾಸಿಗಳಾದ ನಾವು ಬೆಲೆ ಏರಿದಾಗ ಮಾತ್ರ ಟೊಮೆಟೊ ಕುರಿತು ಚರ್ಚಿಸುತ್ತೇವೆ. ಆ ಚರ್ಚೆ, ಆ ಮಾಹಿತಿ ಬೇಕಿರುವುದು ಅದಕ್ಕೂ ಎರಡು ಮೂರು ತಿಂಗಳು ಮೊದಲು, ಸಸಿ ಇನ್ನೂ ನರ್ಸರಿಯಲ್ಲಿರುವಾಗ.