ಖಾಸಗಿ ಜಮೀನಿನ ಮರ: ಬೆಳೆಸಿದವನಿಗೆ ದಕ್ಕುವುದೆಷ್ಟು?

ಅಡಿಕೆ, ಕಾಫಿ ಹಾಗೂ ಕರಿಮೆಣಸಿನ ಬೆಲೆಗಳ ಏರಿಳಿತದಿಂದ ಬೇಸತ್ತ ನಮ್ಮ ರಾಜ್ಯದ ಅನೇಕ ಭೂಮಾಲೀಕರು ತೇಗ, ಸಿಲ್ವರ್ ಓಕ್, ಹೆಬ್ಬೇವು, ಶ್ರೀಗಂಧ ಮುಂತಾದ ಮರಗಳನ್ನು ಬೆಳೆಸುವತ್ತ ಒಲವು ತೋರಿದ್ದಾರೆ. ಮರವೆಂದರೆ ಬ್ಯಾಂಕಿನ ಠೇವಣಿಯಿದ್ದಂತೆ ಎಂಬ ಮಾತು ಜನಜನಿತವಾಗಿದೆ. ಆದರೆ ಅವಧಿ ಮುಗಿದ ದಿನ ಠೇವಣಿಯ ಹಣ ತಾನಾಗಿ ಕೈಸೇರುತ್ತದೆ. ಮರದ ಹಣ ಕೈಸೇರಬೇಕಾದರೆ ಒಡೆತನ, ಕಡಿತಲೆ, ಅಳತೆ ಮತ್ತು ತೆರಿಗೆ ಎಂಬ ನಾಲ್ಕು ಬಾಗಿಲುಗಳನ್ನು ದಾಟಬೇಕು. ಮಾರುವ ವರ್ಷದಲ್ಲಿ ಎದುರಾಗುವ ತೊಡಕುಗಳ ಪೈಕಿ ಹೆಚ್ಚಿನವು ನೆಟ್ಟ ವರ್ಷದಲ್ಲಿ ದಾಖಲೆ ಇಡದಿರುವುದರಿಂದಲೇ ಹುಟ್ಟುತ್ತವೆ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಒಡೆತನದ ಪ್ರಶ್ನೆ

ಜಮೀನು ನಮ್ಮದಾದ ಮಾತ್ರಕ್ಕೆ ಅದರಲ್ಲಿರುವ ಮರವೂ ನಮ್ಮದೆಂದು ಭಾವಿಸುವಂತಿಲ್ಲ. ಮಂಜೂರಾತಿಯ ಸಮಯದಲ್ಲಿ ಸರ್ಕಾರವು ಕಾಯ್ದಿರಿಸಿಕೊಂಡ ಮರಗಳು ಭೂಮಾಲೀಕನಿಗೆ ಸೇರುವುದಿಲ್ಲ. ಕೊಡಗಿನ ಬಾಣೆ ಜಮೀನುಗಳಲ್ಲಿ ಮರದ ಮೌಲ್ಯವನ್ನು ಸರ್ಕಾರಕ್ಕೆ ಪಾವತಿಸಿ ಬಿಡಿಸಿಕೊಂಡ ಜಮೀನು, ಬಿಡಿಸಿಕೊಳ್ಳದ ಜಮೀನು ಎಂಬ ಭೇದವು ಬಹುಕಾಲದಿಂದ ನಡೆದು ಬಂದಿದೆ. ಶ್ರೀಗಂಧವಂತೂ ಯಾರ ಜಮೀನಿನಲ್ಲಿ ಬೆಳೆದರೂ ಸರ್ಕಾರದ ಸ್ವತ್ತೆಂದೇ ಪರಿಗಣಿತವಾಗಿತ್ತು. 2001ರ ತಿದ್ದುಪಡಿಯಿಂದ ಅದು ಭೂಮಾಲೀಕನ ಸ್ವತ್ತಾಯಿತಾದರೂ, ಮನಬಂದವರಿಗೆ ಮಾರುವ ಸ್ವಾತಂತ್ರ್ಯ ಅದರೊಂದಿಗೆ ಬರಲಿಲ್ಲ.

ಕಡಿತಲೆ ಮತ್ತು ಸಾಗಾಣಿಕೆ

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಜಮೀನಿನ ಮರವನ್ನು ಕಡಿಯಲು ವೃಕ್ಷಾಧಿಕಾರಿಯ ಪೂರ್ವಾನುಮತಿ ಅಗತ್ಯ. ಸಿಲ್ವರ್ ಓಕ್, ಗಾಳಿಮರ, ನೀಲಗಿರಿ, ರಬ್ಬರ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ತೇಗ, ಬೀಟೆ, ಹೊನ್ನೆಗಳಂತಹ ಬೆಲೆಬಾಳುವ ಮರಗಳಿಗೆ ಅನುಮತಿಯ ಜೊತೆಗೆ ಸಾಗಾಣಿಕೆಯ ರಹದಾರಿಯೂ ಬೇಕು. ಅರ್ಜಿಯೊಡನೆ ಪಹಣಿ, ನಕಾಶೆ ಮತ್ತು ಹಕ್ಕಿನ ದಾಖಲೆಗಳ ಪರಿಶೀಲನೆ ನಡೆಯುತ್ತದೆ. ಕಂದಾಯ ಮತ್ತು ಅರಣ್ಯ ಇಲಾಖೆಗಳೆರಡರ ಅಭಿಪ್ರಾಯಕ್ಕಾಗಿ ಕಾಯಬೇಕಾಗುತ್ತದೆ.

ಈ ವಿಳಂಬದ ವ್ಯಾವಹಾರಿಕ ಪರಿಣಾಮವನ್ನು ಗಮನಿಸಬೇಕು. ಮಗಳ ಮದುವೆಗೋ, ಸಾಲ ತೀರಿಸಲೋ ತುರ್ತಾಗಿ ಹಣ ಬೇಕಾದ ಬೆಳೆಗಾರನು ಅನುಮತಿ ಪಡೆಯುವ ಹೊಣೆಯನ್ನು ಗುತ್ತಿಗೆದಾರನಿಗೇ ವಹಿಸಿ, ನಿಂತ ಮರವನ್ನು ಕಣ್ಣಂದಾಜಿನಲ್ಲಿ ಮಾರಿಬಿಡುತ್ತಾನೆ. ಅಲೆದಾಟದ ವೆಚ್ಚ, ಕಾಯುವ ಅವಧಿಯ ಬಡ್ಡಿ, ಅನುಮತಿ ದೊರೆಯದೇ ಹೋಗಬಹುದಾದ ಅಪಾಯ ಇವೆಲ್ಲವನ್ನೂ ಗುತ್ತಿಗೆದಾರನು ಬೆಲೆಯಿಂದ ಮೊದಲೇ ಕಳೆದುಕೊಂಡಿರುತ್ತಾನೆ.

ಕೇಂದ್ರ ಸರ್ಕಾರವು 2023ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ರಹದಾರಿ ವ್ಯವಸ್ಥೆಯನ್ನು ದೇಶದಾದ್ಯಂತ ಆನ್‌ಲೈನ್‌ಗೆ ತಂದಿತು. 2025ರ ಜೂನ್‌ನಲ್ಲಿ ಕೃಷಿ ಜಮೀನಿನ ಮರಗಳ ಕಡಿತಲೆಗೆ ಮಾದರಿ ನಿಯಮಗಳನ್ನು ರಾಜ್ಯಗಳಿಗೆ ಕಳುಹಿಸಿತು. ನೆಡುತೋಪನ್ನು ಜಮೀನಿನ ಹಕ್ಕು, ಮರದ ಜಾತಿ, ನೆಟ್ಟ ಕಾಲ ಮತ್ತು ಛಾಯಾಚಿತ್ರಗಳ ಸಹಿತ ಮೊದಲೇ ನೋಂದಾಯಿಸುವುದು ಅದರ ತಿರುಳು. ಇವು ಮಾದರಿ ನಿಯಮಗಳಷ್ಟೇ ಆದ್ದರಿಂದ, ರಾಜ್ಯವು ಅಂಗೀಕರಿಸಿದ ಮಟ್ಟಿಗೆ ಮಾತ್ರ ಬೆಳೆಗಾರನಿಗೆ ಪ್ರಯೋಜನವಾದೀತು.

ಅಳತೆಯ ಲೆಕ್ಕ

ದಿಮ್ಮಿಯ ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವ ಕ್ರಮವು ಮರದ ವ್ಯಾಪಾರದಲ್ಲಿ ರೂಢಿಯಲ್ಲಿದೆ. 120 ಸೆಂ.ಮೀ. ಸುತ್ತಳತೆಯ, 4 ಮೀಟರ್ ಉದ್ದದ ದಿಮ್ಮಿಯು ಈ ಕ್ರಮದಲ್ಲಿ 0.36 ಘನ ಮೀಟರ್ ಆಗುತ್ತದೆ. ಅದರ ನಿಜವಾದ ಗಾತ್ರ ಸುಮಾರು 0.46 ಘನ ಮೀಟರ್. ಅಂದರೆ ಲೆಕ್ಕಕ್ಕೆ ಬರುವುದು ಶೇ. 78.5ರಷ್ಟು ಮಾತ್ರ. ಕೊಯ್ತದಲ್ಲಿ ಆಗುವ ನಷ್ಟವನ್ನು ಭರಿಸಲು ಬಂದ ಈ ಪದ್ಧತಿಯನ್ನು ಮೋಸವೆನ್ನಲಾಗದು. ಆದರೆ ನಿಜಗಾತ್ರಕ್ಕೆ ಹೇಳಿದ ದರವನ್ನು ಈ ಅಳತೆಗೆ ಅನ್ವಯಿಸಿದರೆ ಬೆಳೆಗಾರನಿಗೆ ಐದನೆಯ ಒಂದು ಪಾಲಿಗಿಂತ ಹೆಚ್ಚು ನಷ್ಟ. ಆದಕಾರಣ ದರದ ಜೊತೆಗೆ ಅಳತೆಯ ಕ್ರಮವನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಅವಶ್ಯ.

ಆದಾಯ ತೆರಿಗೆ

ಮರದ ಹಣವೆಲ್ಲ ಕೃಷಿ ಆದಾಯ, ತೆರಿಗೆಯಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. 1957ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಾ ಬಿನಯಕುಮಾರ್ ಸಹಾಸ್ ರಾಯ್ ಪ್ರಕರಣದಲ್ಲಿ ಹಾಕಿಕೊಟ್ಟ ಸೂತ್ರದಂತೆ, ಭೂಮಿ ಹದಮಾಡುವುದು, ಬಿತ್ತುವುದು, ನೆಡುವುದು ಮುಂತಾದ ಮೂಲ ಕೃಷಿ ಕಾರ್ಯಗಳು ನಡೆದಿರಬೇಕು. ತಾನಾಗಿ ಬೆಳೆದ ಮರಕ್ಕೆ ಕಳೆ ತೆಗೆದು, ಕೊಂಬೆ ಸವರಿ, ಕಾವಲು ಕಾದ ಮಾತ್ರಕ್ಕೆ ಅದರ ಆದಾಯವು ಕೃಷಿ ಆದಾಯವಾಗದು. ಇನ್ನು ಚಹಾ ತೋಟವೊಂದರ ನೆರಳಿಗಾಗಿ ಬೆಳೆಸಿದ ಸಿಲ್ವರ್ ಓಕ್ ಮರಗಳನ್ನು ಉಪಯೋಗ ತೀರಿದ ಮೇಲೆ ಮಾರಿದಾಗ, ಆ ಹಣ ಬಂಡವಾಳ ಸ್ವರೂಪದ್ದೆಂದು ಅದೇ ನ್ಯಾಯಾಲಯ 1966ರ ಕೇರಳದ ಪ್ರಕರಣವೊಂದರಲ್ಲಿ ತೀರ್ಮಾನಿಸಿತು. ಹೀಗೆ ಒಂದೇ ತೋಟದಿಂದ ಬಂದ ಮೂರು ಲೋಡು ಮರಕ್ಕೆ ಮೂರು ಬಗೆಯ ತೆರಿಗೆ ಪರಿಣಾಮವಿರುವುದು ಸಾಧ್ಯ. ನೆಟ್ಟದ್ದೆಂದು ರುಜುವಾತುಪಡಿಸುವ ಭಾರ ವಿನಾಯಿತಿ ಕೇಳುವವನ ಮೇಲಿದೆ. ಇಪ್ಪತ್ತೈದು ವರ್ಷಗಳ ಹಿಂದಿನ ಸಸಿ ಖರೀದಿಯ ರಸೀದಿ, ಕೂಲಿ ಪುಸ್ತಕ, ಪಹಣಿಯ ನಮೂದು ಇವೇ ಆಗ ಸಾಕ್ಷಿ.

ಕೃಷಿ ಆದಾಯಕ್ಕೆ ವಿನಾಯಿತಿ ಇದ್ದರೂ ಇತರ ಆದಾಯದ ತೆರಿಗೆಯ ದರ ನಿರ್ಧರಿಸಲು ಅದನ್ನು ಕೂಡಿಸಲಾಗುತ್ತದೆ. ಎರಡು ದಶಕಗಳ ಫಲ ಒಂದೇ ವರ್ಷದಲ್ಲಿ ಬಂದಾಗ ಅಂಗಡಿಯ ಅಥವಾ ಬಾಡಿಗೆಯ ಆದಾಯವು ಮೇಲಿನ ದರದ ಹಂತಕ್ಕೆ ಏರುತ್ತದೆ. ಇದಕ್ಕೆ ಪ್ರತಿಯಾಗಿ, ಹಿಂದಿನ ಕೃಷಿ ನಷ್ಟವನ್ನು ಈ ಲೆಕ್ಕದಲ್ಲಿ ಹೊಂದಿಸಿಕೊಳ್ಳಲು ಎಂಟು ವರ್ಷಗಳ ಮಿತಿಯಿದೆ. ತೇಗದ ಖರ್ಚೆಲ್ಲ ಮೊದಲ ಐದಾರು ವರ್ಷಗಳಲ್ಲಿ ಆಗುವುದರಿಂದ, ಮಾರುವ ಹೊತ್ತಿಗೆ ಆ ನಷ್ಟ ಎಂದೋ ಕಾಲಾತೀತವಾಗಿರುತ್ತದೆ. ವರ್ಷ ವರ್ಷ ಕೊಯ್ಯುವ ಬೆಳೆಗಾಗಿ ರೂಪಿಸಿದ ನಿಯಮವು ಮರಕ್ಕೆ ಹೊಂದದಿರುವುದು ಇಲ್ಲಿ ಸ್ಪಷ್ಟ. ಪಕ್ವವಾದ ಮರಗಳನ್ನು ಎರಡು ಮೂರು ಆರ್ಥಿಕ ವರ್ಷಗಳಿಗೆ ಹಂಚಿ ಕಡಿಸುವುದೊಂದೇ ಸದ್ಯದ ಪರಿಹಾರ.

ಸರಕು ಮತ್ತು ಸೇವಾ ತೆರಿಗೆ

ಸ್ವಂತ ಸಾಗುವಳಿಯ ಉತ್ಪನ್ನವನ್ನು ಪೂರೈಸುವ ಕೃಷಿಕನಿಗೆ ಆ ಮಟ್ಟಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಕಾಯ್ದೆಯ ವ್ಯಾಖ್ಯೆಯಂತೆ ಕೃಷಿಕನೆಂದರೆ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾತ್ರ. ಪಾಲುದಾರಿಕೆ ಸಂಸ್ಥೆ ಮತ್ತು ಕಂಪನಿಗಳು ಅದರೊಳಗೆ ಬರುವುದಿಲ್ಲ. ಸಹೋದರರು ಸೇರಿ ಪಾಲುದಾರಿಕೆಯಲ್ಲಿ ತೋಪು ಮಾಡುವ ಮೊದಲೇ ಇದನ್ನು ಯೋಚಿಸುವುದು ಒಳಿತು.

ಮಾಡಬೇಕಾದದ್ದು

ಬೆಳೆಗಾರರು ನೆಟ್ಟ ವರ್ಷವೇ ಒಂದು ಕಡತವನ್ನು ತೆರೆಯಬೇಕು. ಸಸಿಯ ರಸೀದಿ, ಮರಗಳ ಜಾತಿವಾರು ಪಟ್ಟಿ, ದಿನಾಂಕ ಸಹಿತ ಛಾಯಾಚಿತ್ರ, ಪಹಣಿಯ ನಮೂದು, ವಾರ್ಷಿಕ ಖರ್ಚಿನ ಲೆಕ್ಕ ಇವು ಅದರಲ್ಲಿರಲಿ. ತಾನಾಗಿ ಬೆಳೆದ ಮರಗಳ ಪಟ್ಟಿ ಪ್ರತ್ಯೇಕವಿರಲಿ. ಹಣದ ಅಗತ್ಯ ಬೀಳುವುದಕ್ಕೆ ಮುಂಚೆಯೇ ಅನುಮತಿಗೆ ಅರ್ಜಿ ಸಲ್ಲಿಸುವುದು ಲೇಸು.

ನಮ್ಮ ಸದಸ್ಯರಾದ ಸಾಮಿಲ್ ಮತ್ತು ಪ್ಲೈವುಡ್ ಉದ್ಯಮಿಗಳಿಗೂ ಇದರಲ್ಲಿ ಹಿತಾಸಕ್ತಿಯಿದೆ. 2014ರ ಏಪ್ರಿಲ್‌ನಿಂದ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನು ನಿಷೇಧಿಸಿದಾಗ, ಪರದೇಶದ ಮರವನ್ನೇ ನೆಚ್ಚಿಕೊಳ್ಳುವುದರ ಅಪಾಯ ಎಲ್ಲರ ಅರಿವಿಗೂ ಬಂದಿತು. ಊರಿನ ಬೆಳೆಗಾರನಿಗೆ ನ್ಯಾಯವಾದ ಬೆಲೆ ದೊರೆತರೆ ಮಾತ್ರ ಆತ ಮತ್ತೊಮ್ಮೆ ಸಸಿ ನೆಟ್ಟಾನು. ನೆಡುತೋಪಿನ ನೋಂದಣಿ, ಅನುಮತಿಗೆ ಕಾಲಮಿತಿ ಹಾಗೂ ಮರದ ಬೆಳೆಗೆ ಎಂಟು ವರ್ಷಗಳ ಮಿತಿಯ ಸಡಿಲಿಕೆ ಈ ಮೂರು ಬೇಡಿಕೆಗಳನ್ನು ನಮ್ಮ ಸಂಸ್ಥೆಯು ಬಜೆಟ್‌ಪೂರ್ವ ಮನವಿಗಳಲ್ಲಿ ಮಂಡಿಸುವುದು ಉಚಿತ.