ಮೂರನೆಯ ಮಹಡಿಯಲ್ಲಿ ಮೀನಿನ ತೊಟ್ಟಿ

ನೆಂಟರ ಮನೆಯ ಹಜಾರದಲ್ಲಿ ದೊಡ್ಡ ಅಕ್ವೇರಿಯಂ ನೋಡಿ ಬಂದ ಮಕ್ಕಳು "ನಮ್ಮ ಮನೇಗೂ ಬೇಕು" ಅಂತ ಹಟ ಹಿಡಿದರೆ ನೀವು ಮೊದಲು ಏನು ಕೇಳುತ್ತೀರಿ? ಬೆಲೆ ಎಷ್ಟು ಅಂತ ತಾನೆ? ನಾನೂ ಅದನ್ನೇ ಕೇಳಿದ್ದೆ. ಕೇಳಬೇಕಾಗಿದ್ದದ್ದು ತೂಕ.

ಲೆಕ್ಕ ಹಾಕಿ ನೋಡಿ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯಲ್ಲಿ ಸುಮಾರು 240 ಲೀಟರು ನೀರು ನಿಲ್ಲುತ್ತದೆ. ಒಂದು ಲೀಟರು ನೀರೆಂದರೆ ಒಂದು ಕಿಲೋ. ಗಾಜು, ಮರಳು, ಕಲ್ಲು, ಸ್ಟ್ಯಾಂಡು ಎಲ್ಲ ಸೇರಿ 350 ಕಿಲೋ ಮುಟ್ಟುತ್ತದೆ. ಆರು ಚದರಡಿ ಜಾಗದಲ್ಲಿ ಆರು ಮಂದಿ ದೊಡ್ಡವರು ಹಗಲೂ ರಾತ್ರಿ ಕದಲದೆ ನಿಂತ ಹಾಗೆ!

ಮನೆಯ ಕೋಣೆಗಳ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತಿರಬೇಕೆಂದು ಐ.ಎಸ್. 875 ಎಂಬ ಭಾರತೀಯ ಮಾನಕ ಹೇಳುತ್ತದೆ. ತೊಟ್ಟಿಯಡಿ ಬೀಳುವ ಭಾರ ಅದರ ಮೂರರಷ್ಟು. ಹಾಗಂತ ಗಾಬರಿ ಬೇಡ. ಆ ಲೆಕ್ಕ ಇಡೀ ಕೋಣೆಗೆ ಹರಡಿದ ಭಾರದ್ದು. ತೊಟ್ಟಿಯ ಸುತ್ತ ಖಾಲಿ ನೆಲವೂ ಇರುತ್ತದಲ್ಲ. ಆದರೆ ಎಲ್ಲಿ ಇಡುತ್ತೀರಿ ಎಂಬುದು ಮುಖ್ಯ. ಕೋಣೆಯ ನಡುಮಧ್ಯೆ ಸ್ಲ್ಯಾಬು ಹೆಚ್ಚು ಬಾಗುತ್ತದೆ, ಅಲ್ಲಿ ಬೇಡ. ಬಾಲ್ಕನಿಯಂತೂ ಬೇಡವೇ ಬೇಡ. ಅದು ಗೋಡೆಯಿಂದ ಹೊರಚಾಚಿ ನಿಂತದ್ದು, ಮೇಲಾಗಿ ಬಿಸಿಲಿಗೆ ನೀರೆಲ್ಲ ಪಾಚಿ. ತೊಲೆಯ ಮೇಲೆ, ಕಂಬದ ಹತ್ತಿರದ ಮೂಲೆಯೇ ಒಳ್ಳೆಯದು. ತೊಲೆ ಎಲ್ಲಿದೆ ಅಂತೀರಾ? ನಿಮ್ಮ ಛಾವಣಿ ನೋಡಿ. ಅಲ್ಲಿ ಕಾಣುವ ತೊಲೆ ಸಾಮಾನ್ಯವಾಗಿ ನಿಮ್ಮ ನೆಲದಡಿಯೂ ಇರುತ್ತದೆ. ಅದೇ ಗೋಡೆಗೆ ಪುಸ್ತಕದ ಬೀರು, ಕಬ್ಬಿಣದ ಅಲಮಾರು ಸಾಲಾಗಿ ನಿಲ್ಲಿಸಿದ್ದರೆ ಮೊದಲು ಅವನ್ನು ಸರಿಸಿ. ಕಟ್ಟಡ ಹಳೆಯದಾಗಿದ್ದರೆ, ಅಥವಾ ತೊಟ್ಟಿ ಇದಕ್ಕಿಂತ ದೊಡ್ಡದಾದರೆ, ಸ್ಟ್ರಕ್ಚರಲ್ ಇಂಜಿನಿಯರನ್ನು ಕೇಳದೆ ಮುಂದುವರಿಯಬೇಡಿ. ಅಂಗಡಿಯವರ "ಏನೂ ಆಗಲ್ಲ ಮೇಡಂ" ಸಾಲದು.

ಸ್ಟ್ಯಾಂಡಿನ ಕಾಲುಗಳ ಕೆಳಗೆ ದಪ್ಪ ಹಲಗೆ ಹಾಕಿದರೆ ಭಾರ ಹರಡುತ್ತದೆ. ಸ್ಟ್ಯಾಂಡು ಮಟ್ಟವಾಗಿದೆಯೇ ಎಂದು ಗಾರೆಯವರ ಮಟ್ಟಗೋಲಿನಿಂದ ನೋಡಿ, ಮೇಲೆ ಥರ್ಮೋಕೋಲ್ ಹಾಳೆ ಹಾಸಿ. ಹೊಸ ತೊಟ್ಟಿಗೆ ನೀರು ತುಂಬಿ, ಬುಡದ ಸುತ್ತ ಹಳೆಯ ಪತ್ರಿಕೆ ಹರಡಿ ಒಂದು ದಿನ ಬಿಡಿ. ಕಾಗದ ಒದ್ದೆಯಾಗದಿದ್ದರೆ ಮಾತ್ರ ಮರಳು ಹಾಕಿ.

ಇಷ್ಟೆಲ್ಲ ಮಾಡಿಯೂ ನಾನು ಎಡವಿದ್ದು ಒಂದು ಸಣ್ಣ ರಬ್ಬರು ಕೊಳವೆಯಿಂದ. ಗುಳ್ಳೆ ಬಿಡುವ ಏರ್ ಪಂಪನ್ನು ಸದ್ದು ಕಡಿಮೆಯಾಗಲೆಂದು ನೆಲದ ಮೇಲಿಟ್ಟಿದ್ದೆ. ಒಂದು ರಾತ್ರಿ ಕರೆಂಟು ಹೋಯಿತು. ಗಾಳಿ ನಿಂತದ್ದೇ ತಡ, ನೀರು ಕೊಳವೆಯೊಳಗೆ ಏರಿ, ಅಂಚು ದಾಟಿ, ಪಂಪಿನ ಮೂಲಕ ನೆಲಕ್ಕೆ ಇಳಿಯತೊಡಗಿತು. ಡಬ್ಬದಿಂದ ಕೊಳವೆ ಹಾಕಿ ಸೀಮೆಎಣ್ಣೆ ಇಳಿಸುತ್ತಿದ್ದೆವಲ್ಲ, ಹಾಗೆ. ಬೆಳಿಗ್ಗೆ ನೋಡಿದರೆ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು ಕಡಿಮೆ. ನಾಲ್ಕೇ ಬೆರಳು ಅನ್ನಬೇಡಿ, ಅದು 40 ಲೀಟರು! ಕೆಳಗಿನ ಮನೆಯ ದೇವರಕೋಣೆಯ ಛಾವಣಿಯಿಂದ ತೊಟ್ಟಿಕ್ಕುತ್ತಿತ್ತು. ಆಕೆ ಒಂದು ಕಟುಮಾತೂ ಆಡಲಿಲ್ಲ. ಒದ್ದೆಯಾದ ದೇವರ ಪಟಗಳನ್ನು ಒರೆಸುತ್ತಾ ಸುಮ್ಮನೆ ನಿಂತಿದ್ದರು. ಬೈದಿದ್ದರೇ ಚೆನ್ನಾಗಿತ್ತು. ಛಾವಣಿಗೆ ಬಣ್ಣ ಹೊಡೆಸಿಕೊಟ್ಟೆವು. ಪಟದ ಕಲೆ ಹೋಗಲಿಲ್ಲ.

ಇದಕ್ಕೆ ಔಷಧಿ ಬಹಳ ಅಗ್ಗ. ನೀರು ಹಿಂದಕ್ಕೆ ಬಾರದಂತೆ ಕೊಳವೆಗೆ ಸಿಕ್ಕಿಸುವ ಪುಟ್ಟ ಚೆಕ್ ವಾಲ್ವು ಸಿಗುತ್ತದೆ, ಹಾಕಿಸಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆಯೇ ತೂಗುಹಾಕಿ.

ಕರೆಂಟಿನ ವಿಷಯದಲ್ಲಿ ಉದಾಸೀನ ಸಲ್ಲದು. ತಂತಿ ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರುವಂತಿರಲಿ. ಹರಿದು ಬಂದ ಹನಿ ಅಲ್ಲೇ ಕೆಳಗೆ ಉದುರುತ್ತದೆ, ಪ್ಲಗ್ಗಿಗೆ ಹೋಗದು. 30 ಮಿಲಿಆಂಪಿನ ಆರ್.ಸಿ.ಸಿ.ಬಿ. ಇಲ್ಲದಿದ್ದರೆ ಹಾಕಿಸಿಕೊಳ್ಳಿ. ನೀರಿಗೆ ಕೈ ಹಾಕುವ ಮುನ್ನ ಹೀಟರು, ಪಂಪು, ದೀಪ ಎಲ್ಲದರ ಪ್ಲಗ್ಗು ಕಿತ್ತಿರಬೇಕು. ಮಕ್ಕಳಿಗೂ ಇದೇ ಕಟ್ಟುನಿಟ್ಟು.

ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದನ್ನು ಕಳೆಯುವ ಹನಿಮದ್ದು ಬೆರೆಸಿಯೇ ಹಾಕಿ. ನಲ್ಲಿಯಿಂದ ತೊಟ್ಟಿಗೆ ನೇರ ಪೈಪು ಬಿಟ್ಟು ಒಲೆಯ ಮೇಲಿನ ಹಾಲು ನೋಡಲು ಮಾತ್ರ ಹೋಗಬೇಡಿ. ಬಕೆಟಿನಲ್ಲೇ ಹೊತ್ತು ಹಾಕಿ, ಬೆನ್ನು ನೋಯಲಿ. ತೆಗೆದ ಹಳೆಯ ನೀರನ್ನು ಚೆಲ್ಲಬೇಡಿ, ಗುಲಾಬಿ ಕುಂಡಕ್ಕೆ ಹಾಕಿ. ನಮ್ಮ ಮನೆಯದರಲ್ಲಿ ಎರಡು ಬಕೆಟು ಈಗ ಕೆಳಗಿನ ಮನೆಯ ಗಿಡಗಳಿಗೆ ಹೋಗುತ್ತದೆ, ಮೆಟ್ಟಿಲಿಳಿದು.