ಬದುವಿನ ಪೊದೆ: ಕೀಳಬೇಕಾದ್ದು ಯಾವುದು, ಸವರಬೇಕಾದ್ದು ಯಾವುದು?

ಪೊದೆ ಒಂದೇ ದಿನದಲ್ಲಿ ಹೊಲದೊಳಗೆ ಬರೋದಿಲ್ಲ. ಈ ವರ್ಷ ಒಂದಡಿ, ಮುಂದಿನ ವರ್ಷ ಇನ್ನೊಂದಡಿ. ಮೇವು ಕೊಯ್ಯುವವರು ಮುಳ್ಳು ಚುಚ್ಚುತ್ತೆ ಅಂತ ಅಂಚು ಬಿಟ್ಟು ಕೊಯ್ತಾರೆ. ಬಿಟ್ಟಷ್ಟೂ ಪೊದೆಯ ಪಾಲು.

ಒಂದು ಲೆಕ್ಕ ಹಾಕಿ ನೋಡಿ. ಚೌಕವಾಗಿರುವ ಒಂದು ಎಕರೆಯ ಒಂದು ಬದಿ ಸುಮಾರು 209 ಅಡಿ. ಒಂದು ಬದಿಯಲ್ಲಿ ಪೊದೆ 5 ಅಡಿ ಒಳಗೆ ಬಂದರೆ 1,045 ಚದರಡಿ ಹೋಯಿತು. ಗುಂಟೆ ಅಂದ್ರೆ 1,089 ಚದರಡಿ. ನಾಲ್ಕೂ ಬದಿಯಲ್ಲಿ ಹೀಗಾದರೆ ಹತ್ತಿರ ಹತ್ತಿರ ಮೂರು ಮುಕ್ಕಾಲು ಗುಂಟೆ ಕಳೆದುಕೊಂಡ ಹಾಗೆ. ಪಹಣಿಯಲ್ಲಿ ಒಂದು ಎಕರೆ ಅಂತಲೇ ಇರುತ್ತೆ, ಬೆಳೆಯೋದು ಮೂವತ್ತಾರು ಗುಂಟೆಯಲ್ಲಿ.

ಶ್ರೀನಿವಾಸಪುರದ ಮಾವಿನ ತೋಪಾಗಲಿ, ಕೋಲಾರದ ಟೊಮೇಟೊ ಹೊಲವಾಗಲಿ, ಮಾಲೂರಿನ ತರಕಾರಿ ತೋಟವಾಗಲಿ, ಮುಳಬಾಗಿಲಿನ ಹಿಪ್ಪುನೇರಳೆಯಾಗಲಿ, ಅಂಚಿನ ಕಥೆ ಒಂದೇ. ಅದರಲ್ಲೂ ಹಸು ಕಟ್ಟಿಕೊಂಡು, ತೋಟದ ಹುಲ್ಲು ಇಲ್ಲವೇ ಸೀಮೆಹುಲ್ಲು ಕೊಯ್ದು ಹಾಕುವವರು ಇದನ್ನು ಸ್ವಲ್ಪ ಗಮನ ಇಟ್ಟು ನೋಡಬೇಕು.

ಮೇವಿನ ಹೊರೆಯಲ್ಲಿ ವಿಷ

ಬದುವಿನಲ್ಲಿ ಹೆಚ್ಚಾಗಿ ಕಾಣೋದು ಲಂಟಾನ. 1809ರ ಸುಮಾರಿಗೆ ಇಂಗ್ಲಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆಂದು ತಂದ ಗಿಡ ಇದು. ಇವತ್ತು ಅದಿಲ್ಲದ ಬೇಲಿ ಇಲ್ಲ.

ಮೇಯಲು ಬಿಟ್ಟ ದನ ಸಾಮಾನ್ಯವಾಗಿ ಲಂಟಾನಕ್ಕೆ ಬಾಯಿ ಹಾಕೋದಿಲ್ಲ, ವಾಸನೆಗೇ ಮುಖ ತಿರುಗಿಸುತ್ತೆ. ಕೊಯ್ದು ಹಾಕುವ ಮೇವಿನಲ್ಲಿ ಮಾತ್ರ ಆ ರಕ್ಷಣೆ ಇಲ್ಲ. ಅಂಚಿನ ಹುಲ್ಲು ಸವರುವಾಗ ಎಳೆಯ ಲಂಟಾನವೂ ಹೊರೆಗೆ ಸೇರುತ್ತೆ. ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟ ಮೇಲೆ ಹಸು ಆರಿಸಿ ಬಿಡೋದು ಹೇಗೆ? ಹಸಿದ ದನವಾದರೆ ಪೂರಾ ತಿಂದುಬಿಡುತ್ತೆ.

ಲಂಟಾನದ ವಿಷ ಪಿತ್ತಜನಕಾಂಗಕ್ಕೆ ಹೊಡೆಯುತ್ತೆ. ಹಸು ಮೇವು ಬಿಡುತ್ತೆ, ಸಗಣಿ ಗಟ್ಟಿಯಾಗುತ್ತೆ, ಕಣ್ಣು ಹಳದಿಯಾಗುತ್ತೆ. ಬಿಸಿಲಿಗೆ ಕಟ್ಟಿದರೆ ಮೂತಿ, ಕಿವಿ, ಕೆಚ್ಚಲು, ಬಿಳಿ ಚರ್ಮ ಇರುವ ಕಡೆಯೆಲ್ಲ ಕೆಂಪಾಗಿ ಬಿರುಕು ಬಿಡುತ್ತೆ. ಹೀಗೆ ಕಂಡರೆ ಮೊದಲು ನೆರಳಿಗೆ ಕಟ್ಟಿ, ಆ ಮೇವು ನಿಲ್ಲಿಸಿ, ಕೂಡಲೇ ಪಶು ವೈದ್ಯರನ್ನು ಕರೆಸಿ. ತಡ ಮಾಡಿದರೆ ಹಸು ಉಳಿಯೋದು ಕಷ್ಟ. ಹಾಲಿನ ದುಡ್ಡಿನಲ್ಲೇ ಮನೆ ನಡೆಯುವ ಕಡೆ ಬದು ಸ್ವಚ್ಛ ಮಾಡೋದು ಅಂದಚಂದದ ಮಾತಲ್ಲ.

ಮಚ್ಚು ಹಿಡಿಯುವ ಮುಂಚೆ

ಕೆಲಸದವರನ್ನು ಕರೆಯುವ ಹಿಂದಿನ ದಿನ ಬದುವಿನ ಉದ್ದಕ್ಕೂ ಒಂದು ಸುತ್ತು ಹೋಗಿ. ಕೈಯಲ್ಲಿ ಒಂದಿಷ್ಟು ಬಣ್ಣದ ಬಟ್ಟೆ ಚೂರು ಇರಲಿ.

ಮೊದಲು ಗಡಿ ಕಲ್ಲು ಎಲ್ಲಿದೆ ಹುಡುಕಿ. ಪೊದೆಯೊಳಗೆ ಹೂತುಹೋಗಿರುತ್ತೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ಗಡಿ ಗುರುತು ಕಾಪಾಡೋದು ಜಮೀನುದಾರನ ಹೊಣೆ, ಕಿತ್ತರೆ ದಂಡ ಬೀಳುತ್ತೆ. ಪಕ್ಕದ ಜಮೀನಿನವರಿಗೂ ಒಂದು ಮಾತು ಹೇಳಿ. ಜಂಟಿ ಬದುವಿನ ಗಿಡ ಕೇಳದೆ ಕಡಿದು ಜಗಳಕ್ಕೆ ಬಿದ್ದವರು ಪ್ರತಿ ಊರಿನಲ್ಲೂ ಇದ್ದಾರೆ.

ಎರಡನೇದು, ಪೊದೆಯೊಳಗೆ ಏನೇನು ಹುಟ್ಟಿದೆ ನೋಡಿ. ಪಿಕಳಾರ, ಕೋಗಿಲೆ ಹಣ್ಣು ತಿಂದು ಬೇಲಿ ಮೇಲೆ ಕೂತು ಬೀಜ ಹಾಕ್ತವೆ. ಹಾಗಾಗಿ ಲಂಟಾನದ ನೆರಳಲ್ಲೇ ಶ್ರೀಗಂಧ, ಬೇವಿನ ಸಸಿಗಳು ಎದ್ದಿರುತ್ತವೆ. ಸೀತಾಫಲವೂ ಸಿಗುತ್ತೆ. ದನ, ಆಡಿನ ಬಾಯಿಯಿಂದ ಅವನ್ನು ಉಳಿಸಿದ್ದೂ ಆ ಪೊದೆಯೇ. ಇಂಥ ಸಸಿಗೆಲ್ಲ ಬಟ್ಟೆ ಕಟ್ಟಿ. ಬೆಳೆದ ಶ್ರೀಗಂಧದ ಮರವಿದ್ದರೆ ಕೊಡಲಿ ತಾಗಿಸಬೇಡಿ. ಮರ ನಿಮ್ಮದೇ ಆದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಮೂರನೇದು ಹಾವು. ಕೊಳಕುಮಂಡಲ ಇಂಥ ತಂಪು ಜಾಗದಲ್ಲೇ ಮಲಗಿರುತ್ತೆ. ಉದ್ದ ಕೋಲಿನಿಂದ ಪೊದೆ ಬಡಿದು ಸದ್ದು ಮಾಡಿ. ಒಂದು ತುದಿಯಿಂದ ಶುರು ಮಾಡಿ, ಹಾವು ಹೋಗಲು ಇನ್ನೊಂದು ಕಡೆ ದಾರಿ ಬಿಡಿ. ಬುಡಕ್ಕೆ ಬರಿಗೈ ಹಾಕಬೇಡಿ, ಕಾಲಿಗೆ ಬೂಟು ಇರಲಿ. ಕಚ್ಚಿದರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು ಬೇಡ. ಆ ಕೈ ಕಾಲು ಅಲುಗಿಸದೆ ಸೀದಾ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ.

ಬುಡ ಸಮೇತ ಹೋಗಬೇಕಾದವು

ಲಂಟಾನವನ್ನು ಮೇಲೆ ಮೇಲೆ ಕಡಿದರೆ ಅದಕ್ಕೆ ಉಪಕಾರ ಮಾಡಿದಂತೆ. ಒಂದು ಕಾಂಡ ಇದ್ದ ಕಡೆ ಹತ್ತು ಚಿಗುರು ಬರುತ್ತೆ. ಹಾಗಂತ ಬೇರೆಲ್ಲ ಅಗೆದು ತೆಗೆಯಬೇಕಾಗಿಯೂ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿಧಾಮದಲ್ಲಿ ಒಂದು ಕ್ರಮ ಬಳಸಿ, 2009ರಲ್ಲಿ ಅದರ ವಿವರ ಪ್ರಕಟಿಸಿದರು. ಚಿಗುರುವ ಶಕ್ತಿ ಇರೋದು ಕಾಂಡ ಮತ್ತು ಬೇರು ಕೂಡುವ ಬುಡದಲ್ಲಿ. ಅದರಿಂದ ಕೆಳಗೆ, ಮಣ್ಣಿನೊಳಗೆ ಎರಡು ಇಂಚಿನಷ್ಟು ಇಳಿದು ತಾಯಿಬೇರನ್ನು ಕತ್ತರಿಸಿದರೆ ಸಾಕು.

ಮಾಡೋದು ಹೀಗೆ. ಒಬ್ಬರು ಕವೆಗೋಲಿನಿಂದ ಕೊಂಬೆಗಳನ್ನು ಒಂದು ಕಡೆಗೆ ಎತ್ತಿ ಹಿಡಿಯಬೇಕು. ಇನ್ನೊಬ್ಬರು ಪಿಕಾಸಿಯಿಂದ ಬುಡದ ಮಣ್ಣು ಸರಿಸಿ ಒಂದೆರಡು ಏಟಿಗೆ ಬೇರು ಕತ್ತರಿಸಬೇಕು. ಕಿತ್ತ ಪೊದೆಯನ್ನು ತಲೆಕೆಳಗಾಗಿ, ಬೇರು ಆಕಾಶ ನೋಡುವಂತೆ ಇಡಬೇಕು. ಹಸಿ ಮಣ್ಣಿಗೆ ಕಾಂಡ ತಾಗಿದರೆ ಗೆಣ್ಣಿನಲ್ಲಿ ಬೇರು ಬಿಟ್ಟು ಮತ್ತೆ ಬದುಕುತ್ತೆ. ಕಾಯಿ ಹಣ್ಣಾಗುವ ಮುಂಚೆ ಈ ಕೆಲಸ ಮುಗಿಸಿ. ಒಣಗಿದ ಕಡ್ಡಿ ಒಲೆಗೆ ಆಗುತ್ತೆ, ನೇರ ಇರುವುದು ಬೀನ್ಸ್ ಬಳ್ಳಿಗೆ ಊರುಗೋಲಾಗುತ್ತೆ.

ಬಳ್ಳಾರಿ ಜಾಲಿ ಇದಕ್ಕಿಂತ ಹಟಮಾರಿ. ನಮ್ಮ ಕೆರೆಯಂಗಳಗಳನ್ನು ತುಂಬಿದ್ದು ಇದೇ. ನೆಲ ಸಮಕ್ಕೆ ಕಡಿದರೆ ಮುಂದಿನ ವರ್ಷ ಎರಡರಷ್ಟಾಗುತ್ತೆ. ಬುಡದ ಸುತ್ತ ಒಂದಡಿ ಅಗೆದು, ಗಂಟು ಸಮೇತ ತೆಗೆಯಬೇಕು. ಸಿಹಿ ಕಾಯಿ ತಿಂದ ಕುರಿ, ಆಡು, ದನದ ಹೊಟ್ಟೆಯಿಂದ ಬೀಜ ಹಾಗೇ ಹೊರಗೆ ಬರುತ್ತೆ. ಹಾಗಾಗಿ ಗೊಬ್ಬರ ಚೆನ್ನಾಗಿ ಕೊಳೆತ ಮೇಲೆಯೇ ಹೊಲಕ್ಕೆ ಹಾಕಿ.

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ, ಮಳೆ ಬಂದ ಮಾರನೇ ದಿನ, ಕೈಗೆ ಚೀಲ ಕಟ್ಟಿಕೊಂಡು ಕೀಳಿ. ಮೈಗೆ ತಾಗಿದರೆ ತುರಿಕೆ. ರೇಷ್ಮೆಯವರಿಗೆ ಇನ್ನೊಂದು ಕಾರಣವೂ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡು, ಆಮೇಲೆ ಹಿಪ್ಪುನೇರಳೆಯನ್ನೂ ಹಾಳು ಮಾಡಿದ ಪಪ್ಪಾಯಿ ಹಿಟ್ಟು ತಿಗಣೆ ಈ ಗಿಡದ ಮೇಲೂ ಬದುಕುತ್ತೆ. ಬದುವಿನಲ್ಲಿ ಅದಕ್ಕೆ ಮನೆ ಮಾಡಿಕೊಟ್ಟು ತೋಟದಲ್ಲಿ ಔಷಧಿ ಹೊಡೆದು ಏನು ಬಂತು? ಎಲೆಯನ್ನು ಜರಡಿಯಂತೆ ತಿನ್ನುವ ಪಟ್ಟೆಪಟ್ಟೆ ದುಂಬಿ ಕಂಡರೆ ಮಾತ್ರ ಕೊಲ್ಲಬೇಡಿ. ಈ ಕಳೆಗೆಂದೇ 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, 1984ರಲ್ಲಿ ಬಿಟ್ಟ ದುಂಬಿ ಅದು.

ಸವರಿದರೆ ಸಾಕಾದವು

ಪೊದೆ ಅಂದ ಕೂಡಲೇ ಎಲ್ಲವೂ ಶತ್ರುವಲ್ಲ. ಹೊಂಗೆಯನ್ನು ಆಳೆತ್ತರ ಬಿಟ್ಟು ವರ್ಷಕ್ಕೊಮ್ಮೆ ಸವರಿ. ಸೊಪ್ಪು ರಾಗಿ ಹೊಲಕ್ಕೂ ತರಕಾರಿ ಮಡಿಗೂ ಗೊಬ್ಬರ. ಒಳಗಿನ ಕಡೆಯ ಕೊಂಬೆ ಮಾತ್ರ ತೆಗೆದರೆ ಬೆಳೆಗೆ ನೆರಳಾಗೋದಿಲ್ಲ, ಹೊರಗಿನ ಕೊಂಬೆ ಗಾಳಿ ತಡೆಯುತ್ತೆ.

ಲಕ್ಕಿ, ನಮ್ಮ ಕಡೆ ತೆಲುಗು ಮಾತಾಡುವವರು ವಾವಿಲಿ ಅನ್ನೋದು, ಬದುವಿನ ಮಣ್ಣು ಹಿಡಿಯುವ ಗಿಡ. ಮೊಣಕಾಲೆತ್ತರಕ್ಕೆ ಸವರಿದರೆ ದಟ್ಟ ಬೇಲಿಯಾಗುತ್ತೆ. ಸೊಪ್ಪನ್ನು ಕಾಳಿನ ಜೊತೆ ಇಡುವ ರೂಢಿ ಹಳಬರಿಗೆ ಗೊತ್ತು. ತಂಗಡಿಯೂ ಹಾಗೇ. ಮಳೆ ಇಲ್ಲದ ವರ್ಷವೂ ಬದುಕುತ್ತೆ, ದನ ಮುಟ್ಟೋದಿಲ್ಲ, ಸೊಪ್ಪು ಗೊಬ್ಬರಕ್ಕೆ ಒಳ್ಳೇದು. ಇವನ್ನು ಕಿತ್ತರೆ ಆ ಜಾಗಕ್ಕೆ ಬರೋದು ಲಂಟಾನವೇ.

ಎಲ್ಲವನ್ನೂ ಬೋಳು ಮಾಡದಿರಲು ಇನ್ನೊಂದು ಕಾರಣ, ಬೆಳೆಯ ಹುಳ ಹಿಡಿಯುವ ಕಾಜಾಣಕ್ಕೆ ಕೂರಲು ಕೊಂಬೆ ಬೇಕು, ಗೌಜಲಹಕ್ಕಿಗೆ ಮೊಟ್ಟೆ ಇಡಲು ಪೊದೆಯ ಬುಡ ಬೇಕು.

ಸುಲಭ ದಾರಿ ಮೂರು, ಮೂರೂ ಬೇಡ

ಜೆಸಿಬಿ ಒಂದು ಗಂಟೆಯಲ್ಲಿ ಬದು ಬೋಳಿಸುತ್ತೆ, ನಿಜ. ಅದರ ಜೊತೆ ಬದುವೂ ಹೋಗುತ್ತೆ. ಸಡಿಲಾದ ಕೆಂಪು ಮಣ್ಣು ಮೊದಲ ಜೋರು ಮಳೆಗೇ ಹಳ್ಳ ಸೇರುತ್ತೆ. ವರ್ಷಕ್ಕೆ 700 ಮಿಲಿಮೀಟರ್ ಸುಮಾರು ಮಳೆ ಬೀಳುವ ಸೀಮೆಯಲ್ಲಿ ನೀರು ನಿಲ್ಲಿಸೋದು ಆ ಬದುವೇ. ಕಲಕಿದ ಮಣ್ಣಿನಲ್ಲಿ ಮಲಗಿದ್ದ ಬೀಜವೆಲ್ಲ ಒಟ್ಟಿಗೇ ಏಳುತ್ತೆ.

ಬೆಂಕಿ ಹಚ್ಚಿದರೆ ಲಂಟಾನದ ತಲೆ ಸುಡುತ್ತೆ, ಬುಡ ಸುಡೋದಿಲ್ಲ. ಗಾಳಿ ತಿರುಗಿದರೆ ಪಕ್ಕದವರ ಮಾವಿನ ತೋಪು, ಹನಿ ನೀರಾವರಿ ಪೈಪು ಎಲ್ಲ ಹೋಗುತ್ತೆ. ಕಳೆನಾಶಕವಂತೂ ಗಾಳಿಗೆ ಹಾರಿ ಟೊಮೇಟೊ ಎಲೆ ಮುರುಟಿಸುತ್ತೆ, ಹಿಪ್ಪುನೇರಳೆ ಸೊಪ್ಪಿಗೆ ಬಿದ್ದರೆ ಹುಳು ಸಾಕಣೆಗೇ ಕುತ್ತು.

ಬ್ರಷ್ ಕಟರ್ ಇದ್ದವರಿಗೆ ಎರಡು ಮಾತು. ನೈಲಾನ್ ದಾರ ಹುಲ್ಲಿಗೆ, ಹಲ್ಲಿನ ಬ್ಲೇಡು ಗಟ್ಟಿ ಕಾಂಡಕ್ಕೆ. ನಮ್ಮ ಕಲ್ಲು ನೆಲದಲ್ಲಿ ಕಲ್ಲು ಸಿಡಿಯೋದು ಖಂಡಿತ. ಕನ್ನಡಕ ಇಲ್ಲದೆ ಹಿಡಿಯಬೇಡಿ, ಹತ್ತಿರ ಮಕ್ಕಳು, ದನ ಇರಬಾರದು. ಮಾವಿನ ಸಸಿಯ ಸುತ್ತ ಒಂದೂವರೆ ಅಡಿ ಕೈಯಿಂದಲೇ ಕೊಯ್ಯಿರಿ. ದಾರ ತಾಗಿ ತೊಗಟೆ ಸುತ್ತ ಹೋದರೆ ಸಸಿ ಸತ್ತಂತೆ.

ಖಾಲಿ ಜಾಗ ಬಿಡಬೇಡಿ

ಕಿತ್ತ ಜಾಗ ಖಾಲಿ ಇದ್ದರೆ ವರ್ಷದೊಳಗೆ ಮೊದಲಿನಂತೆ. ಕಿತ್ತ ವಾರದಲ್ಲೇ, ಮಣ್ಣು ಹಸಿ ಇರುವಾಗ, ಗ್ಲಿರಿಸಿಡಿಯಾದ ಮೂರು ನಾಲ್ಕು ಅಡಿ ಕೋಲುಗಳನ್ನು ಎರಡಡಿಗೊಂದು ನೆಡಿ. ನಡುವೆ ನುಗ್ಗೆ, ಅಗಸೆ ಬರಲಿ. ಬದುವಿನ ಇಳಿಜಾರಿಗೆ ಸ್ಟೈಲೋ ಇಲ್ಲವೇ ಗಿನಿ ಹುಲ್ಲು ಹಾಕಿ. ಏನೂ ಆಗದಿದ್ದರೆ ಹುರುಳಿ ಚೆಲ್ಲಿ, ನೆಲ ಮುಚ್ಚುತ್ತೆ, ಮೇವೂ ಆಗುತ್ತೆ.

ಬದುವಿನ ಒಳಗಡೆ ಮೂರಡಿ ಪಟ್ಟಿ ಬಿಟ್ಟು, ಮೇವು ಕೊಯ್ಯುವಾಗಲೆಲ್ಲ ಅದನ್ನೂ ನೆಲ ಸಮಕ್ಕೆ ಕೊಯ್ಯಿರಿ. ಒಳಗೆ ಬಂದ ಎಳೆಯ ಲಂಟಾನ ಅಲ್ಲೇ ಕಾಣುತ್ತೆ, ಕೈಯಲ್ಲೇ ಕೀಳಬಹುದು. ಈ ಪಟ್ಟಿಯ ಹುಲ್ಲನ್ನು ಮೇವಿನ ಹೊರೆಗೆ ಸೇರಿಸಬೇಡಿ, ಮಾವಿನ ಬುಡಕ್ಕೆ ಹೊದಿಸಿ.

ಯಾವಾಗ, ಎಷ್ಟು?

ಮುಂಗಾರಿನಲ್ಲಿ ಒಂದೆರಡು ಹದ ಮಳೆ ಬಿದ್ದ ಮೇಲೆ, ಮಾವಿನ ಕೊಯ್ಲಿನ ಗಡಿಬಿಡಿ ಮುಗಿಯುತ್ತಿದ್ದಂತೆ ಕೀಳುವ ಕೆಲಸ. ದಸರಾ ಕಳೆದು, ಹಿಂಗಾರು ಮಳೆಗೆ ಎದ್ದ ಸಸಿಗಳನ್ನು ಎರಡನೇ ಸಲ ಕೀಳಬೇಕು. ಸಂಕ್ರಾಂತಿ ಹೊತ್ತಿಗೆ ಮೂರನೇ ಸುತ್ತು, ಜೊತೆಗೆ ಬೇಸಿಗೆ ಬೆಂಕಿ ದಾಟದಂತೆ ಮೂರಡಿ ಪಟ್ಟಿಯನ್ನು ಚೊಕ್ಕ ಮಾಡಬೇಕು. ಎರಡನೇ ವರ್ಷವೂ ಇದೇ. ಹಕ್ಕಿ ಕೂರುವ ಮರದ ಕೆಳಗೆ ಮಾತ್ರ ಯಾವಾಗಲೂ ಒಂದು ಕಣ್ಣಿರಲಿ, ಬೀಜ ಬೀಳೋದು ಅಲ್ಲೇ.

ಕೂಲಿ ಕೊಟ್ಟು ನಾಲ್ಕೂ ಬದಿ ಒಮ್ಮೆಗೇ ತೆಗೆಸಿ, ಆಮೇಲೆ ತಿರುಗಿ ನೋಡದಿದ್ದರೆ ದುಡ್ಡು ಮಣ್ಣಿಗೆ ಹಾಕಿದಂತೆ. ಈ ವರ್ಷ ಒಂದೇ ಬದಿ ಹಿಡಿಯಿರಿ. ಮನೆಯವರೇ ಮೂರು ಸಲ ಸುತ್ತಿ ಬರಲು ಆಗುವಷ್ಟು ಉದ್ದ ಮಾತ್ರ. ಮೊದಲು ಸೀಮೆಹುಲ್ಲಿನ ತಾಕಿಗೆ ತಾಗಿದ ಬದಿ ನೋಡಿ, ಹಸುವಿನ ಅಪಾಯ ಅಲ್ಲಿದೆ. ನಾಲ್ಕು ವರ್ಷಕ್ಕೆ ನಾಲ್ಕು ಬದಿ, ಆ ಮೂರು ಮುಕ್ಕಾಲು ಗುಂಟೆ ಮತ್ತೆ ನಿಮ್ಮದು.